ಚೀಟಿಯಲ್ಲಿ ಬರೆದ ತಳಿ

ಆ ಲಿಫ್ಟ್ ಮೆಕ್ಯಾನಿಕ್‌ಗೆ ಒಂದು ಕಡೆ ಕೂತಿರಲು ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ನಡುವೆ ಎದ್ದು ಹೋಗಿ ಕಿಟಕಿಯ ಚಿಲಕ ಹಾಕಿದೆಯೇ ಎಂದು ನೋಡಿ ಬರುತ್ತಿದ್ದ. ಬಸ್ಸಿನಲ್ಲಿ ಸೀಟು ಸಿಕ್ಕರೂ ಎರಡು ಸ್ಟಾಪು ದಾಟುವಷ್ಟರಲ್ಲಿ ಎದ್ದು ಬಾಗಿಲ ಬಳಿ ನಿಂತಿರುತ್ತಿದ್ದ. ಹೆಂಡತಿಯ ತಮ್ಮ ಅವನನ್ನು 'ಸ್ಪ್ರಿಂಗ್ ಭಾವ' ಎಂದು ಕರೆಯಲು ಶುರುಮಾಡಿ ಹದಿನೆಂಟು ವರ್ಷವಾಗಿತ್ತು. ಈಗ ನೆಂಟರಲ್ಲಿ ಅರ್ಧ ಜನಕ್ಕೆ ಅವನ ಹೆಸರು ಥಟ್ಟನೆ ನೆನಪಾಗುತ್ತಿರಲಿಲ್ಲ. ಐವತ್ತೆರಡಾದರೂ ಮೈ ಕಡ್ಡಿಯಂತೆ ಇದ್ದದ್ದಕ್ಕೆ ಇದೇ ಕಾರಣ ಎನ್ನುತ್ತಿದ್ದಳು ಹೆಂಡತಿ. "ತಿಂದಿದ್ದು ಮೈಗೆ ಹತ್ತೋಕೆ ಅದಕ್ಕೂ ಒಂದು ಗಳಿಗೆ ಪುರುಸೊತ್ತು ಕೊಡ್ಬೇಕಲ್ಲ ರೀ."

ಕೆಲಸದಲ್ಲಿ ಮಾತ್ರ ಈ ಚಡಪಡಿಕೆಯಿಂದ ಒಳ್ಳೆಯದೇ ಆಗಿತ್ತು. ಊರಿನ ನಲವತ್ತೊಂದು ಲಿಫ್ಟ್‌ಗಳು ಅವನ ಪಾಲಿನವು. ತಿಂಗಳಿಗೊಮ್ಮೆ ಒಂದೊಂದಕ್ಕೂ ಹೋಗಿ, ಮೇಲಿನ ಮೋಟರ್ ಕೋಣೆಯಿಂದ ಕೆಳಗಿನ ಗುಂಡಿಯವರೆಗೆ ನೋಡಿ, ಬ್ರೇಕ್ ಹಿಡಿಯುತ್ತದೆಯೇ, ತಂತಿ ಹಗ್ಗದ ಎಳೆ ಕಿತ್ತಿದೆಯೇ ಎಂದು ಪರೀಕ್ಷಿಸಿ, ಮೋಟರ್ ಕೋಣೆಯಲ್ಲಿ ದಾರ ಕಟ್ಟಿ ನೇತುಹಾಕಿದ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಆ ಪುಸ್ತಕದಲ್ಲಿ ಅವನು ಇಪ್ಪತ್ತಾರು ವರ್ಷದಲ್ಲಿ ನೋಡದೆ ಇದ್ದದ್ದನ್ನು ನೋಡಿದೆ ಎಂದು ಬರೆದವನಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವನ ಹಿರಿಯ ಮೆಕ್ಯಾನಿಕ್ ಎದುರಿನ ಚಹಾ ಅಂಗಡಿಯಲ್ಲಿ ಕೂತೇ 'ಬ್ರೇಕ್ ಸರಿ ಇದೆ' ಎಂದು ಬರೆದಿದ್ದ. ಮಾರನೆಯ ದಿನ ಆ ಲಿಫ್ಟ್ ನಿಲ್ಲಬೇಕಾದಲ್ಲಿ ನಿಲ್ಲದೆ ಜಾರಿ, ಒಳಗಿದ್ದ ಹೆಂಗಸೊಬ್ಬಳ ಕಾಲು ಮುರಿಯಿತು. ಆ ಹಾಳೆಯನ್ನು ಮುಂದಿಟ್ಟು ಸಾಹೇಬರು ಪ್ರಶ್ನೆ ಕೇಳುವಾಗ ಹಿರಿಯನ ಮುಖ ಹೇಗಾಗಿತ್ತು ಎಂಬುದು ಇವನ ಕಣ್ಣಿನಿಂದ ಹೋಗಿರಲಿಲ್ಲ.

ಹಳೆಯ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಏಳು ಮಹಡಿಯ ಒಂದು ಕಟ್ಟಡವಿತ್ತು. ಅದರ ಲಿಫ್ಟ್‌ಗೆ ಇನ್ನೂ ಮಡಚುವ ಜಾಲರಿ ಬಾಗಿಲು. ಒಂದು ಬುಧವಾರ ಬೆಳಿಗ್ಗೆ ಲಿಫ್ಟನ್ನು ಮೇಲೆ ನಿಲ್ಲಿಸಿ, ಟಾರ್ಚು ಹಿಡಿದು ಅವನು ಗುಂಡಿಗೆ ಇಳಿದ. ಮೂಲೆಯಲ್ಲಿ, ಎಣ್ಣೆ ಒರೆಸುವ ಬಟ್ಟೆಗಳ ಗುಡ್ಡೆಯ ಮೇಲೆ, ಏನೋ ಉಸಿರಾಡುತ್ತಿತ್ತು. ಹೆಗ್ಗಣ ಎಂದುಕೊಂಡು ಸ್ಪ್ಯಾನರ್ ಎತ್ತಿದ. ಹೆಗ್ಗಣ ಓಡಬೇಕಿತ್ತು; ಇದು ಓಡಲಿಲ್ಲ. ಬೆಳಕಿನಲ್ಲಿ ಎರಡು ಕಣ್ಣು ಹೊಳೆದವು, ಒಂದು ಕಿವಿ ಮೇಲೆದ್ದಿತು. ಇನ್ನೊಂದು ಏಳಲಿಲ್ಲ.

ಎತ್ತಿಕೊಂಡು ಮೇಲೆ ಬಂದಾಗ ಕಟ್ಟಡದ ಕಾವಲುಗಾರ ಬಗ್ಗಿ ನೋಡಿದ.

"ಏನಣ್ಣ ಅದು, ಬೆಕ್ಕಾ?"

"ಮೊಲ."

"ಮೊಲ ಲಿಫ್ಟ್‌ನಲ್ಲಿ ಎಲ್ಲಿಗೆ ಹೊರಟಿತ್ತು?"

ಜಾಲರಿಯ ಸಂದಿಯಲ್ಲಿ ನುಸುಳಿ ಕೆಳಗೆ ಬಿದ್ದಿರಬೇಕು. ಕಾವಲುಗಾರ ಇಪ್ಪತ್ತೆಂಟು ಮನೆಗಳ ಬಾಗಿಲನ್ನೂ ತಟ್ಟಿ ಬಂದ. ಯಾರದ್ದೂ ಅಲ್ಲ. ಮೆಕ್ಯಾನಿಕ್ ಸಲಕರಣೆಯ ಚೀಲದಿಂದ ಸಾಮಾನೆಲ್ಲ ತೆಗೆದು, ತನ್ನ ಅಂಗಿಯನ್ನು ಹಾಸಿ ಮೊಲವನ್ನು ಕೂರಿಸಿಕೊಂಡ. ಆ ದಿನ ಉಳಿದ ಮೂರು ಲಿಫ್ಟ್‌ಗಳನ್ನು ಬರೀ ಬನಿಯನ್ನಿನ ಮೇಲೆ ಕೋಟು ಹಾಕಿಕೊಂಡು ಮುಗಿಸಿದ.

ಅವನ ಹೆಂಡತಿ ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೂತು ಗಾಜನ್ನು ಚೌಕಟ್ಟಿಗೆ ಕೂರುವಂತೆ ಉಜ್ಜುವ ಕೆಲಸ ಮಾಡುತ್ತಿದ್ದಳು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅವಳಿಗೆ ಕಾಣುತ್ತಿತ್ತು. ಸಂಜೆ ಮೊಲವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಹಿಂದೆ ಮುಂದೆ ನೋಡಿದಳು. ಬೆನ್ನು ಬೂದುಗಂದು. ಕೊರಳ ಸುತ್ತ ಬಿಳಿ ಪಟ್ಟಿ, ಆದರೆ ಅರ್ಧದಲ್ಲೇ ಮುಗಿದುಹೋಗಿತ್ತು. ಕೆನ್ನೆಯ ಮೇಲೆ ಉದ್ದ ಕೂದಲು, ಬಾಚಣಿಗೆ ಕಾಣದ ಗಡ್ಡದಂತೆ. ಬಲಗಿವಿ ನೆಟ್ಟಗೆ, ಎಡಗಿವಿ ಜೋತುಬಿದ್ದು ಕಣ್ಣಿನ ಪಕ್ಕಕ್ಕೆ ಬಂದಿತ್ತು. ಕೊನೆಗೆ ಅವಳು ಕಾಲು ಹಿಡಿದು ನೋಡಿದಳು.

"ಉಗುರು ಕತ್ತರಿಸಿದಾರೆ ನೋಡಿ, ಎಷ್ಟು ಸಮನಾಗಿ. ಯಾರೋ ಚೆನ್ನಾಗಿ ಸಾಕಿರೋದು. ನಾಳೆನೇ ಒಂದು ಚೀಟಿ ಅಂಟಿಸಿ."

"ಏನಂತ ಬರೆಯೋದು? ಮೊಲ ಸಿಕ್ಕಿದೆ ಅಂದ್ರೆ ಊರಲ್ಲಿ ಮೊಲ ಬೇಕಾದೋರೆಲ್ಲ ನಮ್ಮದೇ ಅಂತ ಬರ್ತಾರೆ."

"ಕಿವಿ ಗಿವಿ ಎಲ್ಲ ಬರೀಬೇಡಿ. ಅದನ್ನ ಬಂದವರ ಬಾಯಿಂದ ಕೇಳ್ಬೇಕು. ತಳಿ ಯಾವುದು ಅಂತ ಮಾತ್ರ ಬರೀರಿ, ಸಾಕು."

ಮಾತು ಸರಿಯಾಗಿಯೇ ಇತ್ತು. ಆದರೆ ತಳಿ ಯಾವುದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಶನಿವಾರ ಅವನು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಪಶುವೈದ್ಯೆಯ ಬಳಿ ಹೋದ. ಕಾಯುವ ಬೆಂಚಿನಲ್ಲಿ ನಾಯಿಗಳವರೆಲ್ಲ ಕೂತಿದ್ದರು, ಅವನೊಬ್ಬ ನಿಂತಿದ್ದ. ವೈದ್ಯೆ ಮೊಲವನ್ನು ತೂಗಿದಳು: ಎರಡು ಕಿಲೋ ನೂರು ಗ್ರಾಂ. ಹಲ್ಲು ನೋಡಿದಳು, ಬಿದ್ದ ಏಟಿನಿಂದ ಊದಿದ್ದ ಹಿಂಗಾಲನ್ನು ಒತ್ತಿ ನೋಡಿ ಮುರಿದಿಲ್ಲ ಎಂದಳು.

"ಗಂಡು. ಎರಡು ವರ್ಷ ಇರಬಹುದು."

"ತಳಿ ಯಾವುದು ಮೇಡಂ?"

"ಯಾವುದು ಅಲ್ಲ ಅನ್ನೋದನ್ನ ಬೇಕಾದ್ರೆ ಹೇಳ್ತೀನಿ," ಎಂದು ವೈದ್ಯೆ ನಕ್ಕಳು. "ಕೊರಳಪಟ್ಟಿ ಡಚ್ ಮೊಲದ್ದು, ಆದ್ರೆ ಡಚ್‌ಗೆ ಪಟ್ಟಿ ಪೂರ್ತಿ ಸುತ್ತಿರುತ್ತೆ. ಕೆನ್ನೆ ಕೂದಲು ಲಯನ್‌ಹೆಡ್‌ದು. ಕಿವಿ ಬೀಳೋದು ಲಾಪ್ ಅನ್ನೋ ತಳೀದು, ಅದೂ ಅರ್ಧಾನೇ ಬಂದಿದೆ. ಮಿಶ್ರ ಅಂತ ಬರ್ಕೊಳಿ."

"ಮಿಶ್ರ ಅಂದ್ರೆ ಯಾವ ಯಾವದ್ದು ಎಷ್ಟೆಷ್ಟು?"

ಹೊರಗೆ ನಾಯಿಯೊಂದು ಊಳಿಡುತ್ತಿತ್ತು. "ಅದು ಅದರ ಅಪ್ಪ ಅಮ್ಮನಿಗೇ ಗೊತ್ತು," ಎಂದು ವೈದ್ಯೆ ಬಾಗಿಲು ತೆರೆದಳು.

ಅವನಿಗೆ ಇದರಿಂದ ಸಮಾಧಾನವಾಗಲಿಲ್ಲ, ಅಥವಾ ಆಗಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಸೋಮವಾರ ಕೆಲಸದ ನಡುವೆ ಸಾಕುಪ್ರಾಣಿಗಳ ಅಂಗಡಿಗೆ ಹೋಗಿ ಫೋನಿನಲ್ಲಿದ್ದ ಚಿತ್ರ ತೋರಿಸಿದ. ಅಂಗಡಿಯವನು ಮೀನಿನ ತೊಟ್ಟಿಯಿಂದ ಕೈ ತೆಗೆಯದೆ, ಕತ್ತು ಮಾತ್ರ ತಿರುಗಿಸಿ ಹೇಳಿದ, "ಡಚ್. ನೂರಕ್ಕೆ ನೂರು."

"ಕಿವಿ ಬಿದ್ದಿದೆಯಲ್ಲ?"

"ನಿದ್ದೆ ಬಂದಿರಬೇಕು."

ಮುಂದಿನ ಭಾನುವಾರ ಎರಡು ಬಸ್ಸು ಬದಲಿಸಿ ಊರಾಚೆ ಮೊಲ ಸಾಕುವವನೊಬ್ಬನಲ್ಲಿಗೆ ಹೋದ. ಉದ್ದನೆಯ ತಗಡಿನ ಚಪ್ಪರದ ಕೆಳಗೆ ಎರಡು ಸಾಲು ಪಂಜರ, ಪ್ರತಿ ಪಂಜರಕ್ಕೂ ಒಂದು ಚೀಟಿ. ಆ ಮನುಷ್ಯ ಮಾತು ಕಡಿಮೆ. ಮೊಲವನ್ನು ತೊಡೆಯ ಮೇಲೆ ಹಾಕಿಕೊಂಡು, ಬೆನ್ನ ಕೂದಲನ್ನು ಬಾಲದಿಂದ ಕತ್ತಿನ ಕಡೆಗೆ ಸವರಿ, ಅದು ಎಷ್ಟು ಬೇಗ ಹಿಂದಕ್ಕೆ ಮಲಗುತ್ತದೆ ಎಂದು ನೋಡಿದ. ಬಿದ್ದ ಕಿವಿಯ ಬುಡವನ್ನು ಬೆರಳಿನಿಂದ ಹಿಸುಕಿದ. ಮುಂಗಾಲಿನ ಉದ್ದ ಅಳೆದ.

"ಲಾಪ್ ಅಮ್ಮ. ಅಪ್ಪ ನೆಟ್ಟಗಿವಿಯವನು, ಅವನೇ ಒಂದು ಬೆರಕೆ. ಅಂಥ ಜೋಡಿಗೆ ಹುಟ್ಟಿದ್ದಕ್ಕೇ ಹೀಗೆ ಒಂದು ಕಿವಿ ಮೇಲೆ ಒಂದು ಕಿವಿ ಕೆಳಗೆ ಆಗೋದು. ಬೇಕಂತ ಯಾರೂ ಮಾಡಿಸಲ್ಲ ಇದನ್ನ. ಯಾರೋ ಪಂಜರದ ಚಿಲಕ ಹಾಕೋದು ಮರೆತಿದಾರೆ, ಇದು ಹುಟ್ಟಿದೆ."

"ಹಾಗಾದ್ರೆ ಹೆಸರು?"

"ಹೆಸರಿಲ್ಲ. ಆದ್ರೆ ಒಂದು ಮಾತು. ಇದನ್ನ ಕಳ್ಕೊಂಡೋರಿಗೆ ನೀವು 'ಮಿಶ್ರ, ಒಂದು ಕಿವಿ' ಅಂದ್ರೆ ಸಾಕು, ತಕ್ಷಣ ಗೊತ್ತಾಗುತ್ತೆ. ಇಂಥದ್ದು ಊರಿಗೊಂದು ಇದ್ರೆ ಹೆಚ್ಚು."

ವಾಪಸು ಬರುವ ಬಸ್ಸಿನಲ್ಲಿ ಈ ಮಾತು ಅವನಿಗೆ ಹಿಡಿಸಲಿಲ್ಲ. ಯಾಕೆ ಹಿಡಿಸಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಮೊಲ ಬಂದ ಎರಡನೆಯ ದಿನವೇ ಒಂದು ಸಂಗತಿ ನಡೆದಿತ್ತು. ಸಂಜೆ ಕೆಲಸದಿಂದ ಬಂದವನು ಪೆಟ್ಟಿಗೆಯ ಹುಲ್ಲು ಬದಲಿಸಲೆಂದು ನೆಲದ ಮೇಲೆ ಕೂತಾಗ ಮೊಲ ಕುಂಟುತ್ತ ಬಂದು ಅವನ ತೊಡೆಯೇರಿ, ಕಾಲುಗಳನ್ನು ಹೊಟ್ಟೆಯಡಿ ಸೇರಿಸಿ ಕೂತಿತು. ಅವನು ಸ್ವಲ್ಪ ಅಲ್ಲಾಡಿದರೂ ಅದರ ಮೈ ಬಿಗಿಯಾಗುತ್ತಿತ್ತು, ಅಲ್ಲಾಡದಿದ್ದರೆ ಮೆತ್ತಗಾಗುತ್ತಿತ್ತು. ಅದಕ್ಕಾಗಿ ಅವನು ಅಲ್ಲಾಡಲಿಲ್ಲ. ಇಪ್ಪತ್ತು ನಿಮಿಷ. ಅಷ್ಟು ಹೊತ್ತು ಅವನ ತಲೆಯಲ್ಲಿ ಯಾವ ಚಿಲಕವೂ, ಯಾವ ತಿರುಪೂ ಬರಲಿಲ್ಲ. ಚಹಾ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಕೂತು ಚಹಾ ಕುಡಿಯೋದು ಹೇಗೆ ಅಂತ ಗೊತ್ತಿದೆಯಾ, ಹೇಳಿಕೊಡ್ಲಾ?" ಎಂದಳು. ಅಂದಿನಿಂದ ದಿನವೂ ಹಾಗೇ ಆಯಿತು. ಕೊನೆಯ ಲಿಫ್ಟ್ ಮುಗಿಯುವ ಹೊತ್ತಿಗೆ ಅವನ ಕಾಲು ತಾನಾಗಿಯೇ ಮನೆಯ ದಾರಿ ಹಿಡಿಯುತ್ತಿತ್ತು. ಹೆಂಡತಿ ಮಾತ್ರ ಮೊಲಕ್ಕೆ ಹೆಸರಿಡಲು ಒಪ್ಪಲಿಲ್ಲ. ಹೆಸರಿಟ್ಟ ಮೇಲೆ ಕೊಡುವುದು ಕಷ್ಟ ಎಂಬುದು ಅವಳ ವಾದ.

ಹನ್ನೆರಡು ದಿನ ಕಳೆದರೂ ಚೀಟಿ ಅಂಟಿರಲಿಲ್ಲ.

"ತಳಿ ಹುಡುಕ್ತಿದೀರೋ, ದಿನ ತಳ್ತಿದೀರೋ?" ಎಂದು ಹೆಂಡತಿ ಕೇಳಿಯೇಬಿಟ್ಟಳು.

ಅವತ್ತು ಅವನು ಬಿಳಿ ಹಾಳೆ ತೆಗೆದು ಬರೆಯಲು ಕೂತ. 'ಮೊಲ ಸಿಕ್ಕಿದೆ' ಎಂದು ದೊಡ್ಡದಾಗಿ ಬರೆದ. ಸಿಕ್ಕಿದ ರಸ್ತೆ, ದಿನಾಂಕ, ಫೋನ್ ನಂಬರು. 'ತಳಿ' ಎಂದು ಬರೆದು ಎರಡು ಚುಕ್ಕಿ ಇಟ್ಟ. ಪೆನ್ನು ಅಲ್ಲೇ ನಿಂತಿತು. ಮೊಲ ಅವನ ಪಾದದ ಮೇಲೆ ಗಲ್ಲ ಊರಿ ಮಲಗಿತ್ತು. ಅವನು 'ಡಚ್' ಎಂದು ಬರೆದ. ಅಂಗಡಿಯವನು ದಿನವೂ ಮಾರುವವನು, ನೂರಕ್ಕೆ ನೂರು ಎಂದಿದ್ದಾನೆ. ತಾನೇನು ಕಟ್ಟಿ ಬರೆಯಲಿಲ್ಲವಲ್ಲ ಎಂದು ಒಳಗೇ ಅಂದುಕೊಂಡ. ಅದೇ ಕೈಯಲ್ಲಿ ಇನ್ನೂ ಮೂರು ಪ್ರತಿ ಬರೆದ.

ಹೆಂಡತಿ ಒಂದನ್ನು ಎತ್ತಿ ಓದಿದಳು. "ಡಾಕ್ಟ್ರು ಮಿಶ್ರ ಅಂದಿದ್ರು ಅಂದ್ರಿ?"

"ಒಬ್ಬೊಬ್ಬರು ಒಂದೊಂದು ಹೇಳ್ತಾರೆ."

ಅವಳು ಹಾಳೆಯನ್ನು ಮೇಜಿನ ಮೇಲಿಟ್ಟು, ಅದರ ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿ, ಒಳಗೆ ಹೋದಳು.

ಚೀಟಿ ಅಂಟಿಸಿದ ಮೂರನೆಯ ದಿನ, ಅವನು ಊಟಕ್ಕೆ ಮನೆಗೆ ಬಂದಿದ್ದಾಗ, ಫೋನಿನಲ್ಲಿ ವಿಳಾಸ ಕೇಳಿಕೊಂಡು ಬ್ಯಾಂಕಿನ ಸಮವಸ್ತ್ರದಲ್ಲಿದ್ದ ಹೆಂಗಸೊಬ್ಬಳು ಬಂದಳು. ಮಧ್ಯಾಹ್ನದ ಬಿಡುವಿನಲ್ಲಿ ಓಡಿ ಬಂದಿದ್ದಳು, ಏದುಸಿರು ಬಿಡುತ್ತಿದ್ದಳು. ಕೈಯಲ್ಲಿ ಚಿತ್ರವಿತ್ತು: ಕಪ್ಪು ಬಿಳುಪು ಎರಡೇ ಬಣ್ಣದ, ಅಚ್ಚು ಹಾಕಿದಂಥ ಡಚ್ ಮೊಲ. ಮಗಳು ಒಂದು ತಿಂಗಳಿಂದ ಅದರ ಬಟ್ಟಲನ್ನು ತೆಗೆಯಲು ಬಿಟ್ಟಿಲ್ಲ ಎಂದಳು. ಪೆಟ್ಟಿಗೆಯಲ್ಲಿ ಇಣುಕಿದವಳು ಹಾಗೇ ನಿಂತಳು.

"ಇದು ಡಚ್ ಅಂತ ನಿಮಗೆ ಯಾರು ಹೇಳಿದ್ದು?"

ಅವನು ಅಂಗಡಿಯವನ ಹೆಸರು ಹೇಳಿದ. ಅವಳು ತಲೆಯಾಡಿಸಿ, ಚಿತ್ರವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದಳು. ಹೋಗುವಾಗ ಬಂದಷ್ಟು ಬೇಗ ಹೋಗಲಿಲ್ಲ. ಅವನು ಕಿಟಕಿಯಿಂದ ಅವಳು ರಸ್ತೆ ದಾಟುವವರೆಗೆ ನೋಡಿದ. ನಾಲ್ಕೂ ಚೀಟಿ ಕಿತ್ತು ಹಾಕಬೇಕು ಎನ್ನಿಸಿತು. ಕಿತ್ತರೆ ಹೊಸದು ಬರೆಯಬೇಕಾಗುತ್ತಿತ್ತು. ಕೀಳಲಿಲ್ಲ.

ಅದಾಗಿ ಎರಡು ದಿನಕ್ಕೆ, ಅವನು ಹನ್ನೊಂದು ಮಹಡಿಯ ಕಚೇರಿ ಕಟ್ಟಡದ ಮೋಟರ್ ಕೋಣೆಯಲ್ಲಿದ್ದಾಗ ಫೋನು ಬಂತು. ವಯಸ್ಸಾದ ಗಂಡಸಿನ ದನಿ, ಸಂಕೋಚದ್ದು.

"ಮೊಲದ ಚೀಟಿ ನೋಡಿ ಮಾಡ್ತಿದೀನಿ ಸಾರ್. ನಾನು ಕಟಿಂಗ್ ಶಾಪಿನವನು. ಮಾರುಕಟ್ಟೆ ಹಿಂದಿನ ರಸ್ತೇಲೇ ಇದ್ದೆ, ಈಗ ಸ್ಟೇಷನ್ ಪಕ್ಕಕ್ಕೆ ಅಂಗಡಿ ಬದಲಾಯಿಸಿದೆ. ಸಾಮಾನು ಸಾಗಿಸೋ ಗಲಾಟೇಲಿ ನಮ್ಮ ಮೊಲ ತಪ್ಪಿಸಿಕೊಳ್ತು. ನೀವು ಡಚ್ ಅಂತ ಬರೆದಿದೀರಿ, ನಮ್ಮದು ಅಂಥ ಹೆಸರಿರೋ ಮೊಲ ಅಲ್ಲ. ಅದಕ್ಕೇ ಎರಡು ಸಲ ಓದಿ ಸುಮ್ಮನಾಗಿದ್ದೆ. ಆದ್ರೂ ಮನಸ್ಸು ತಡೀಲಿಲ್ಲ. ನಿಮಗೆ ಸಿಕ್ಕಿರೋದಕ್ಕೆ ಒಂದು ಕಿವಿ ಬಿದ್ದಿದೆಯಾ?"

ಪಕ್ಕದಲ್ಲಿ ಮೋಟರು ತಿರುಗಿ ನಿಂತಿತು. ಎಲ್ಲೋ ಕೆಳಗೆ ಬಾಗಿಲು ತೆರೆದ ಸದ್ದು.

"ಇಲ್ಲ," ಎಂದ ಮೆಕ್ಯಾನಿಕ್. "ಎರಡೂ ನೆಟ್ಟಗಿವೆ."

"ಹೌದಾ. ಸರಿ ಬಿಡಿ ಸಾರ್." ಫೋನು ಇಡುವನೇನೋ ಎಂದುಕೊಂಡರೆ ದನಿ ಮತ್ತೆ ಬಂತು. "ಯಾರದ್ದೇ ಆಗ್ಲಿ, ಚೆನ್ನಾಗಿ ನೋಡ್ಕೊಳಿ. ನೀರು ಬಾಟಲಿಯಿಂದ ಕುಡೀದೇ ಇದ್ರೆ ಮಣ್ಣಿನ ಬಟ್ಟಲಲ್ಲಿ ಇಟ್ಟು ನೋಡಿ. ನಮ್ಮದು ಹಾಗೇ ಮಾಡ್ತಿತ್ತು."

ಬಂದ ದಿನದಿಂದಲೂ ಮೊಲ ಬಾಟಲಿಯ ನೀರನ್ನು ಬೇಕೋ ಬೇಡವೋ ಎಂಬಂತೆ ನೆಕ್ಕುತ್ತಿತ್ತು. ಸಂಜೆ ಅವನು ಹೂಕುಂಡದ ಕೆಳಗಿದ್ದ ಮಣ್ಣಿನ ತಟ್ಟೆ ತೊಳೆದು ನೀರು ತುಂಬಿ ಮುಂದಿಟ್ಟ. ಮೊಲ ಗಡ್ಡವೆಲ್ಲ ಒದ್ದೆಯಾಗುವಂತೆ ಗಟಗಟ ಕುಡಿಯಿತು. ಅವನಿಗೆ ನೋಡಲಾಗಲಿಲ್ಲ. ಎದ್ದು ಹೋಗಿ ಸ್ನಾನದ ಮನೆಯ ನಲ್ಲಿಯ ವಾಷರ್ ಬದಲಾಯಿಸಿದ. ಅದು ಸೋರುತ್ತಿರಲಿಲ್ಲ.

ಅಲ್ಲಿಂದ ಅವನ ನೆಮ್ಮದಿ ಕೆಟ್ಟಿತು. ಮೊದಲಿದ್ದ ಚಡಪಡಿಕೆ ಕೈಕಾಲಿನದ್ದು, ಇದು ಎದೆಯದ್ದು. ಮೊಲ ತೊಡೆಯೇರಿದರೆ ಅವನ ಮಂಡಿ ತಾನಾಗಿಯೇ ಅದುರುತ್ತಿತ್ತು, ಅದು ಎರಡು ನಿಮಿಷ ಸಹಿಸಿ ಇಳಿದು ಹೋಗುತ್ತಿತ್ತು. ಯಾವುದಕ್ಕಾಗಿ ಸುಳ್ಳು ಹೇಳಿದ್ದನೋ ಅದೇ ಕೈ ಬಿಟ್ಟಿತ್ತು. ಕೆಲಸದಲ್ಲಿ ಬಿಗಿಮಾಡಿದ ತಿರುಪನ್ನೇ ಮತ್ತೆ ಬಿಗಿಮಾಡಿದ. ಒಂದು ಆಸ್ಪತ್ರೆಯ ಲಿಫ್ಟ್ ಮುಗಿಸಿ ಪುಸ್ತಕದಲ್ಲಿ 'ಬ್ರೇಕ್ ಸರಿ ಇದೆ' ಎಂದು ಬರೆದು ಕೆಳಗೆ ಬಂದವನಿಗೆ, ಬ್ರೇಕ್ ನೋಡಿದೆನೋ ಇಲ್ಲವೋ ನೆನಪಾಗಲಿಲ್ಲ. ಲಿಫ್ಟ್‌ಗೆ ಕಾಯದೆ ಒಂಬತ್ತು ಮಹಡಿಯ ಮೆಟ್ಟಿಲು ಹತ್ತಿ ಹೋಗಿ ನೋಡಿದ. ಬ್ರೇಕ್ ಸರಿಯಾಗಿತ್ತು, ಅದರ ಮೇಲೆ ಅವನದೇ ಎಣ್ಣೆಗೈಯ ಗುರುತಿತ್ತು. ಅಲ್ಲೇ ಗೋಡೆಗೊರಗಿ ಸುಧಾರಿಸಿಕೊಳ್ಳುತ್ತ ನಿಂತ.

ಮನೆಗೆ ಬಂದಾಗ ಹೆಂಡತಿ ತೊಳೆದ ಬಟ್ಟೆ ಮಡಚುತ್ತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದ: ಡಚ್ ಎಂದು ಬರೆದದ್ದು ತಪ್ಪಾಗಿ ಅಲ್ಲ ಎಂದು, ಫೋನು ಬಂದಿತ್ತೆಂದು, ಎರಡೂ ಕಿವಿ ನೆಟ್ಟಗಿವೆ ಎಂದೆನೆಂದು.

ಅವಳು ಮಡಚುವುದನ್ನು ನಿಲ್ಲಿಸಲಿಲ್ಲ. "ಮೊದಲನೇದು ನನಗೆ ಗೊತ್ತಿತ್ತು," ಎಂದಳು. "ನಾನೂ ಸುಮ್ಮನಿದ್ದೆ. ನೀವು ಸಂಜೆ ಹೊತ್ತು ಹಾಗೆ ಕೂತಿರೋದು ನನಗೂ ಬೇಕಾಗಿತ್ತು." ಅಂಗಿಯೊಂದರ ಕಾಲರು ಸರಿಮಾಡಿದಳು. "ಎರಡನೇದು ಗೊತ್ತಿರ್ಲಿಲ್ಲ. ಪಾಪ, ಮುದುಕ ಮನುಷ್ಯ."

"ಫೋನು ಮಾಡ್ಲಾ?"

"ಫೋನಲ್ಲಿ ಹೇಳಿದ್ದನ್ನ ಫೋನಲ್ಲೇ ತೊಳ್ಯೋಕಾಗುತ್ತಾ? ಹೋಗಿ ಬನ್ನಿ."

ಮಾರನೆಯ ದಿನ ರಜೆ ಹಾಕಿ ಸ್ಟೇಷನ್ ಪಕ್ಕದ ರಸ್ತೆಗೆ ಹೋದ. ಮೊಲವನ್ನು ತರಲಿಲ್ಲ; ಮೊದಲು ಮುಖ ತೋರಿಸಿ ಹೇಳಬೇಕು ಎಂದುಕೊಂಡಿದ್ದ. ಅಂಗಡಿ ಚಿಕ್ಕದು, ಎರಡು ಕುರ್ಚಿ, ಹೊಸ ಬಣ್ಣದ ವಾಸನೆ. ಕ್ಷೌರಿಕ ಕುಳ್ಳಗಿದ್ದ, ಬಿಳಿ ಮೀಸೆ, ಕೈ ಮಾತ್ರ ಹರೆಯದವನಂತೆ ಚುರುಕು.

"ಬನ್ನಿ ಸಾರ್. ಕಟಿಂಗಾ, ಶೇವಿಂಗಾ?"

ಬಾಯಿಗೆ ಬಂದದ್ದು, "ಕಟಿಂಗ್."

ಬಿಳಿ ಬಟ್ಟೆ ಕತ್ತಿಗೆ ಸುತ್ತಿದ ಮೇಲೆ ಅವನಿಗೆ ಏಳುವ ದಾರಿಯೂ ಇಲ್ಲವಾಯಿತು. ಕನ್ನಡಿಯಲ್ಲಿ ಹಿಂದಿನ ಗೋಡೆ ಕಾಣುತ್ತಿತ್ತು. ಬೆಂಚಿನ ಕೆಳಗೆ ಒಂದು ಮಣ್ಣಿನ ಬಟ್ಟಲು, ಮಡಚಿಟ್ಟ ಹಳೆಯ ಟವೆಲು.

"ತಲೆ ಅಲ್ಲಾಡಿಸಬೇಡಿ ಸಾರ್. ಯಾಕೆ ಇಷ್ಟು ಬಿಗಿ ಹಿಡ್ಕೊಂಡಿದೀರಿ?"

"ಆ ಬಟ್ಟಲು?"

"ಅದು ನಮ್ಮ ಸಾಹೇಬರದ್ದು. ಮೊಲ. ಕೊರಳಿಗೆ ಬಿಳಿ ಕಾಲರ್ ಇತ್ತಲ್ಲ, ಅದಕ್ಕೇ ಸಾಹೇಬ್ರು ಅಂತಿದ್ವಿ. ಊರು ಬಿಟ್ಟು ಹೋಗೋ ಗಿರಾಕಿಯೊಬ್ಬರು ಕೊಟ್ಟು ಹೋಗಿದ್ರು." ಕತ್ತರಿಯ ಸದ್ದು ಕಿವಿಯ ಹಿಂದಕ್ಕೆ ಸರಿಯಿತು. "ಕತ್ತರಿ ಕಂಡ್ರೆ ಅಳೋ ಮಕ್ಕಳ ತೊಡೆ ಮೇಲೆ ಅದನ್ನ ಕೂರಿಸಿಬಿಡ್ತಿದ್ದೆ. ಅದು ಹೆದರುತ್ತೆ, ಅಲ್ಲಾಡಬೇಡ ಅಂದ್ರೆ ಸಾಕು, ಕಲ್ಲಿನಂತೆ ಕೂರ್ತಿದ್ವು. ಯಾವ ಬ್ರೀಡು ಅಂತ ಎಲ್ರೂ ಕೇಳೋರು. ನಾನು ಬಾಯಿಗೆ ಬಂದ ಒಂದೊಂದು ದೇಶದ ಹೆಸರು ಹೇಳ್ತಿದ್ದೆ." ಅವನು ನಕ್ಕು ನಿಲ್ಲಿಸಿದ. "ಈಗ ನೋಡಿ, ಅದೇ ಗೊತ್ತಿಲ್ದೆ ಕೂತಿದೀನಿ. ನನ್ನ ಮೊಲ ಯಾವುದು ಅಂತ ಒಂದು ಹೆಸರಲ್ಲಿ ಹೇಳೋಕೆ ಬಂದಿದ್ರೆ ಇಷ್ಟು ಹೊತ್ತಿಗೆ ಯಾರಾದ್ರೂ ತಂದುಕೊಡ್ತಿದ್ರೇನೋ."

ಮೆಕ್ಯಾನಿಕ್‌ಗೆ ಇನ್ನು ತಡೆಯಲಾಗಲಿಲ್ಲ.

"ನಿಮ್ಮ ಮೊಲ ನನ್ನ ಹತ್ರ ಇದೆ. ಚೀಟಿ ಬರೆದೋನು ನಾನೇ. ಕಿವಿ ಬಿದ್ದಿಲ್ಲ ಅಂತ ಫೋನಲ್ಲಿ ಹೇಳಿದ್ದೂ ನಾನೇ. ಬಿದ್ದಿದೆ. ಎಡಗಿವಿ. ಕೊಡೋಕೆ ಮನಸ್ಸು ಬರ್ಲಿಲ್ಲ."

ಕತ್ತರಿ ನಿಂತಿತು. ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ತಲೆಯ ಒಂದು ಪಕ್ಕ ಮುಗಿದಿತ್ತು, ಇನ್ನೊಂದು ಪಕ್ಕ ಹಾಗೇ ಇತ್ತು. ಹೊರಗೆ ರೈಲಿನ ಘೋಷಣೆಯೊಂದು ಶುರುವಾಗಿ ಮುಗಿಯಿತು. ಬೈಯಲಿ, ಎಬ್ಬಿಸಿ ಕಳಿಸಲಿ ಎಂದು ಮೆಕ್ಯಾನಿಕ್ ಕಾದ.

"ಅರ್ಧಕ್ಕೆ ಬಿಡೋಕಾಗಲ್ಲ," ಎಂದ ಕ್ಷೌರಿಕ ಕೊನೆಗೆ. ಉಳಿದ ಅರ್ಧ ತಲೆಯನ್ನು ಅವಸರ ಮಾಡದೆ ಮುಗಿಸಿದ. ಕತ್ತಿನ ಕೂದಲು ಝಾಡಿಸಿದ. ಬಟ್ಟೆ ಬಿಚ್ಚಿ ಕೊಡವಿ ಕುರ್ಚಿಯ ಬೆನ್ನಿಗೆ ಹಾಕಿದ. ಮೆಕ್ಯಾನಿಕ್ ಜೇಬಿಗೆ ಕೈ ಹಾಕಿದ್ದನ್ನು ನೋಡಿ ಬೇಡವೆಂದು ಕೈಯಾಡಿಸಿದ.

"ಯಾವಾಗ ತರ್ತೀರಿ?"

"ಈಗ್ಲೇ."

"ತಿನ್ನುತ್ತಾ?"

"ತಿನ್ನುತ್ತೆ. ನೀವು ಹೇಳಿದ ಮೇಲೆ ನೀರೂ ಚೆನ್ನಾಗಿ ಕುಡೀತಿದೆ."

ಇದನ್ನು ಕೇಳಿ ಕ್ಷೌರಿಕನ ಮುಖ ಕೆಂಪಗಾಯಿತು. ಮೆಕ್ಯಾನಿಕ್‌ಗೆ ಈ ಮಾತನ್ನು ಆಡಬಾರದಿತ್ತು ಎನ್ನಿಸಿತು, ಆದರೆ ಆಡಿಯಾಗಿತ್ತು.

ಒಂದೂವರೆ ಗಂಟೆಯಲ್ಲಿ ಅವನು ಪೆಟ್ಟಿಗೆಯೊಂದಿಗೆ ವಾಪಸು ಬಂದ. ಹೆಂಡತಿಯೂ ಅಂಗಡಿಯಿಂದ ಅಪ್ಪಣೆ ಕೇಳಿಕೊಂಡು ಜೊತೆಗೆ ಬಂದಿದ್ದಳು. ನೆಲಕ್ಕೆ ಬಿಟ್ಟರೆ ಮೊಲ ಹೊಸ ಬಣ್ಣವನ್ನು ಮೂಸಿತು, ಕುರ್ಚಿಯ ಕಬ್ಬಿಣದ ಕಾಲನ್ನು ಗಲ್ಲದಿಂದ ಉಜ್ಜಿತು, ಆಮೇಲೆ ಬೆಂಚಿನಡಿಯ ಟವೆಲಿನ ಮೇಲೆ ಹೋಗಿ ಅಡ್ಡಾಯಿತು. ಕ್ಷೌರಿಕ ಗಂಡ ಹೆಂಡತಿಯ ಕಡೆ ನೋಡದೆ ಮಂಡಿಯೂರಿ ಕೂತು ಅದರ ಬಿದ್ದ ಕಿವಿಯನ್ನು ಎತ್ತಿ ಒಳಗೆ ನೋಡಿದ. "ಕಿವಿ ಶುಚಿಯಾಗಿಟ್ಟಿದೀರಿ," ಎಂದ. ಮೆಚ್ಚಿಕೊಂಡನೋ, ಸುಮ್ಮನೆ ಹೇಳಿದನೋ ತಿಳಿಯಲಿಲ್ಲ. ಮತ್ತೆ ಬನ್ನಿ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್ ನಾಲ್ಕೂ ಚೀಟಿಗಳನ್ನು ಕೆರೆದು ತೆಗೆದ. ಬ್ಯಾಂಕಿನ ಹೆಂಗಸನ್ನು ಹುಡುಕಿ ಹೋಗಿ, ತಪ್ಪು ಬರೆದಿದ್ದಕ್ಕೆ ಕ್ಷಮೆ ಕೇಳಿದ. ಅವಳ ಡಚ್ ಮೊಲ ಇನ್ನೂ ಸಿಕ್ಕಿರಲಿಲ್ಲ. ಅಂದಿನಿಂದ ಪ್ರತಿ ಕಟ್ಟಡದಲ್ಲೂ ಗುಂಡಿಗೆ ಇಳಿದಾಗ ಟಾರ್ಚನ್ನು ಮೂಲೆಮೂಲೆಗೂ ಹಾಯಿಸಿ ನೋಡುವ ಚಾಳಿ ಬಿತ್ತು. ಏನೂ ಸಿಗಲಿಲ್ಲ. ಸಂಜೆ ಮನೆಗೆ ಬಂದರೆ ಕೂರಲು ಮನಸ್ಸಾಗುತ್ತಿರಲಿಲ್ಲ, ನಿಂತೇ ಚಹಾ ಕುಡಿಯುತ್ತಿದ್ದ. ಒಂದು ಮೊಲ ತಂದುಕೊಳ್ಳೋಣವೇ ಎಂದು ಹೆಂಡತಿ ಒಮ್ಮೆ ಕೇಳಿದಳು. ಬೇಡ ಎಂದ. ತಲೆಕೂದಲು ಕಿವಿಯ ಮೇಲೆ ಬಂದರೂ ಯಾವ ಅಂಗಡಿಗೂ ಹೋಗಲಿಲ್ಲ. ಸ್ಟೇಷನ್ ರಸ್ತೆಗೆ ಹೋಗಲು ನಾಚಿಕೆ, ಬೇರೆ ಕಡೆ ಹೋಗಲು ಏನೋ ಅಳುಕು.

ಹತ್ತು ವಾರಗಳ ನಂತರ ಫೋನು ಬಂತು.

"ಕಟಿಂಗ್ ಶಾಪಿನವನು. ಮಗಳಿಗೆ ಹೆರಿಗೆಯಾಗಿದೆ, ನಾನು ಹೋಗ್ಬೇಕು. ಸಾಹೇಬ್ರನ್ನ ನೋಡ್ಕೊಳೋಕೆ ನನಗೆ ಬೇರೆ ಯಾರೂ ಗೊತ್ತಿಲ್ಲ. ನಾಲ್ಕು ದಿನ. ಐದನೇ ದಿನ ಬೆಳಿಗ್ಗೆ ಏಳು ಗಂಟೆಗೆ ನಾನೇ ಬಂದು ಕರ್ಕೊಂಡು ಹೋಗ್ತೀನಿ."

"ಏಳು ಗಂಟೆ," ಎಂದ ಮೆಕ್ಯಾನಿಕ್. "ಸರಿ."

ಹೆಂಡತಿ ಹೋಗಿ ವಿಳಾಸ ಕೊಟ್ಟು ಮೊಲವನ್ನು ತಂದಳು. ನಾಲ್ಕು ದಿನ ಅವನು ಅದನ್ನು ಗಾಜಿನ ಸಾಮಾನಿನಂತೆ ನೋಡಿಕೊಂಡ. ಒಂದು ಸಂಜೆ ಅದು ತೊಡೆಯೇರಿ ಕೂತಿತು. ಸ್ವಲ್ಪ ಹೊತ್ತು ಕೂತಿತು, ಮೊದಲಿನಷ್ಟು ಅಲ್ಲ. ಐದನೆಯ ದಿನ ಐದೂವರೆಗೇ ಎದ್ದು ಪೆಟ್ಟಿಗೆಗೆ ಹೊಸ ಹುಲ್ಲು ಹಾಕಿ, ಮೊಲವನ್ನು ಕೂರಿಸಿ, ಬಾಗಿಲ ಬಳಿ ಇಟ್ಟ. ಏಳಾಯಿತು. ಏಳೂಕಾಲಾಯಿತು. ಅವನು ಕಿಟಕಿಗೂ ಬಾಗಿಲಿಗೂ ಓಡಾಡತೊಡಗಿದ.

"ಬಸ್ಸು ತಡವಾಗಿರುತ್ತೆ, ಕೂತ್ಕೊಳಿ," ಎಂದಳು ಹೆಂಡತಿ.

"ವಿಳಾಸ ಸಿಗ್ಲಿಲ್ವೇನೋ. ಬಾಗಿಲು ತಟ್ಟಿ, ನಮಗೆ ಕೇಳಿಸದೆ ವಾಪಸು ಹೋಗಿಬಿಟ್ರೆ? ಬೇಕಂತಲೇ ತೆಗೀಲಿಲ್ಲ ಅಂದ್ಕೊಂಡ್ರೆ?"

"ನೀವು ಬಾಗಿಲಲ್ಲೇ ನಿಂತಿದೀರಲ್ಲ ರೀ, ಇನ್ನು ಹೇಗೆ ಕೇಳಿಸ್ದೆ ಇರುತ್ತೆ?"

ಏಳೂವರೆಗೆ ಅವನು ಪೆಟ್ಟಿಗೆ ಎತ್ತಿಕೊಂಡು ಮೆಟ್ಟಿಲಿಳಿದೇಬಿಟ್ಟ. ಹೆಂಡತಿ ಅವನ ಚಪ್ಪಲಿ ಹಿಡಿದು ಹಿಂದೆಯೇ ಬಂದಳು. ರಸ್ತೆಯ ತಿರುವಿನಲ್ಲಿ, ಕೈಯಲ್ಲೊಂದು ಚೀಲ, ಹೆಗಲಲ್ಲೊಂದು ಚೀಲ, ಮುಖವೆಲ್ಲ ಬೆವರು, ಕ್ಷೌರಿಕ ಓಡುತ್ತ ಬರುತ್ತಿದ್ದ. ಎದುರಿಗೆ ಪೆಟ್ಟಿಗೆ ಹೊತ್ತು ಬರಿಗಾಲಿನಲ್ಲಿ ಬರುತ್ತಿದ್ದವನನ್ನು ಕಂಡು ಥಟ್ಟನೆ ನಿಂತ.

"ಎಲ್ಲಿಗೆ ಹೊರಟ್ರಿ?"

"ನಿಮ್ಮ ಹತ್ರಾನೇ."

ಕ್ಷೌರಿಕ ಪೆಟ್ಟಿಗೆಯೊಳಗೆ ಇಣುಕಿದ, ಅವನ ಕಾಲು ನೋಡಿದ, ಆಮೇಲೆ ತಲೆ ನೋಡಿದ.

"ಇಷ್ಟು ಕೂದಲು ಬಿಟ್ಕೊಂಡು ಊರೆಲ್ಲ ಓಡಾಡ್ತಿದೀರಾ? ಸಂಜೆ ಅಂಗಡಿ ಹತ್ರ ಬನ್ನಿ." ಪೆಟ್ಟಿಗೆಯನ್ನು ತೋಳಿಗೆ ತೆಗೆದುಕೊಂಡು ಅವನು ಮೆಕ್ಯಾನಿಕ್‌ನ ಹೆಂಡತಿಯ ಕಡೆ ತಿರುಗಿದ. "ಗಂಡು ಮಗು ಕಣಮ್ಮ. ಮೂರು ಕಿಲೋ."